ನೀರು ಕೆಡುವುದು ಖಾಲಿ ಪೈಪಿನಲ್ಲಿ

"ನೀರ ಬಂದಾವ!" ಹುಬ್ಬಳ್ಳಿ, ಧಾರವಾಡದಲ್ಲಿ ಬೆಳೆದವರಿಗೆ ಈ ಕೂಗು ಚೆನ್ನಾಗಿ ಗೊತ್ತು. ರಾತ್ರಿ ಎರಡು ಗಂಟೆಯಾಗಲಿ, ಮನೆ ತುಂಬ ನೆಂಟರಿರಲಿ, ಕೂಗು ಬಿತ್ತೆಂದರೆ ಎಲ್ಲರೂ ಏಳಲೇಬೇಕು. ಮೊದಲ ಎರಡು ಬಕೆಟ್ ನೀರನ್ನು ಅವ್ವ ಅಂಗಳಕ್ಕೆ ಚೆಲ್ಲುತ್ತಿದ್ದಳು. ಅದಕ್ಕೆ ಮಣ್ಣಿನ ಬಣ್ಣ, ಒಮ್ಮೊಮ್ಮೆ ಗಟಾರದ ವಾಸನೆ. ಬಣ್ಣ ತಿಳಿಯಾದ ಮೇಲೆ ನಳಕ್ಕೆ ಬಿಳಿ ಬಟ್ಟೆ ಕಟ್ಟಿ ಕುಡಿಯುವ ನೀರು ಹಿಡಿಯುವುದು. ಆಮೇಲೆ ಡ್ರಮ್ಮು, ಹಂಡೆ, ಕೊಡ, ಬೋಗುಣಿ. ಕೊನೆಗೆ ತಂಬಿಗೆಯೂ ತುಂಬಬೇಕು. ಮುಂದಿನ ಸಲ ನೀರು ಯಾವಾಗ ಬರುತ್ತದೋ ಯಾರಿಗೆ ಗೊತ್ತು?

ಆಗ ನನಗೆ ಒಂದು ಪ್ರಶ್ನೆ ಕಾಡುತ್ತಿತ್ತು. ಧಾರವಾಡದ ಹತ್ತಿರದ ಅಮ್ಮಿನಭಾವಿಯ ಘಟಕದಲ್ಲಿ ನೀರನ್ನು ಶುದ್ಧ ಮಾಡುತ್ತಾರೆ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹಾಗಿದ್ದರೆ ನಮ್ಮ ನಳಕ್ಕೆ ರಾಡಿ ನೀರು ಯಾಕೆ ಬರುತ್ತದೆ? ಘಟಕದವರು ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಓಣಿಯಲ್ಲಿ ಎಲ್ಲರೂ ಬೈಯುತ್ತಿದ್ದರು. ಬಹಳ ವರ್ಷ ನಾನೂ ಹಾಗೇ ನಂಬಿದ್ದೆ.

ಈಗ ಹಾಗನ್ನಿಸುವುದಿಲ್ಲ. ನೀರು ಘಟಕದಿಂದ ಹೊರಡುವಾಗ ಚೆನ್ನಾಗಿಯೇ ಹೊರಟಿರಬಹುದು. ಅದು ಕೆಡುವುದು ದಾರಿಯಲ್ಲಿ. ಪೈಪು ಖಾಲಿ ಬಿದ್ದಿರುವ ಆ ನಾಲ್ಕೈದು ದಿನಗಳಲ್ಲಿ.

ಘಟಕದೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಮೊದಲು ನೋಡೋಣ. ಅವಳಿ ನಗರಕ್ಕೆ ಮುಖ್ಯವಾಗಿ ನೀರು ಬರುವುದು ಮಲಪ್ರಭೆಯಿಂದ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿಗೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಅದರ ಹಿಂದೆ ನಿಂತ ನೀರೇ ರೇಣುಕಾಸಾಗರ. ಅಲ್ಲಿಂದ ಜಾಕ್‌ವೆಲ್, ಅಂದರೆ ಜಲಾಶಯದ ನೀರು ಸೇರುವ ದೊಡ್ಡ ಬಾವಿಯ ಮೂಲಕ ನೀರೆತ್ತಿ ಅಮ್ಮಿನಭಾವಿಗೆ ತರುತ್ತಾರೆ. ಹುಬ್ಬಳ್ಳಿಗೆ ಕಲಘಟಗಿ ಕಡೆಯ ನೀರಸಾಗರ ಕೆರೆಯೂ ಆಸರೆ. ಆದರೆ ಮಳೆ ಕೈಕೊಟ್ಟ ವರ್ಷ ಅದು ಬತ್ತುತ್ತದೆ.

ಜಲಾಶಯದ ನೀರಿನಲ್ಲಿ ಮಣ್ಣು ಇರುತ್ತದೆ, ಪಾಚಿ ಇರುತ್ತದೆ, ಕಣ್ಣಿಗೆ ಕಾಣದ ರೋಗಾಣು ಇರುತ್ತವೆ. ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ಮೊದಲು ನೀರನ್ನು ಮೆಟ್ಟಿಲು ಮೆಟ್ಟಿಲಾಗಿ ಬೀಳಿಸಿ ಗಾಳಿ ಬೆರೆಸುತ್ತಾರೆ. ಕೆಟ್ಟ ವಾಸನೆ ಅಲ್ಲೇ ಅರ್ಧ ಹೋಗುತ್ತದೆ. ಆಮೇಲೆ ಆಲಂ, ಅಂದರೆ ಪಟಿಕ ಹಾಕುತ್ತಾರೆ. ನೀರಿನಲ್ಲಿ ತೇಲುವ ಸಣ್ಣ ಮಣ್ಣಿನ ಕಣಗಳು ತಾವಾಗಿ ತಳಕ್ಕೆ ಇಳಿಯುವುದಿಲ್ಲ. ಎಲ್ಲ ಕಣಗಳಿಗೂ ಒಂದೇ ಬಗೆಯ ವಿದ್ಯುತ್ ಗುಣ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ಪಟಿಕ ಈ ತಳ್ಳಾಟ ನಿಲ್ಲಿಸುತ್ತದೆ. ಕಣಗಳು ಕೂಡಿಕೊಂಡು ಹತ್ತಿಯ ಎಳೆಯಂಥ ಗಂಟುಗಳಾಗಿ ತಳ ಸೇರುತ್ತವೆ. ಹಿಂದೆ ಹಳ್ಳಿಗಳಲ್ಲಿ ಕೊಡದ ನೀರಿಗೆ ಪಟಿಕ ತಿರುವಿ ಇಡುತ್ತಿದ್ದರಲ್ಲ, ಅದೇ ಕೆಲಸ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ.

ಮೇಲಿನ ತಿಳಿನೀರು ಮರಳಿನ ಹಾಸಿನ ಮೂಲಕ ಇಳಿಯುತ್ತದೆ. ಉಳಿದ ಕೊಳೆ ಮರಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಹಾಸನ್ನು ಆಗಾಗ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ತೊಳೆಯಬೇಕು. ಇದು ಬೇಸರದ ಕೆಲಸ, ಉದ್ಘಾಟನೆಗೆ ಸಿಗುವ ಕೆಲಸವಲ್ಲ. ಆದರೆ ತಪ್ಪಿದರೆ ಅಪಾಯ ಖಂಡಿತ. 2022ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ನಳದ ನೀರು ಕುಡಿದು ಜನ ಸಾಲಾಗಿ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ಆಗ ರಾಂಪುರದ ಶುದ್ಧೀಕರಣ ಘಟಕದ ನಿರ್ವಹಣೆಯ ಬಗ್ಗೆಯೇ ಊರೆಲ್ಲ ಪ್ರಶ್ನೆ ಎದ್ದಿತು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇರುವ ಜಿಲ್ಲೆ ಅದು. ನೀರಿದ್ದರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಬೇಕಾ?

ಕೊನೆಯ ಹಂತ ಕ್ಲೋರಿನ್. ಅದು ರೋಗಾಣುಗಳನ್ನು ಕೊಲ್ಲಲು ಸುಮಾರು ಅರ್ಧ ತಾಸು ಬೇಕು. ಇಲ್ಲಿ ಒಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಕ್ಲೋರಿನ್ ಹಾಕುವುದು ಘಟಕದಲ್ಲಿರುವ ರೋಗಾಣು ಕೊಲ್ಲಲು ಮಾತ್ರ ಅಲ್ಲ. ಒಂದಿಷ್ಟು ಕ್ಲೋರಿನ್ ನೀರಿನ ಜೊತೆ ನಮ್ಮ ಮನೆಯ ನಳದವರೆಗೂ ಬರಬೇಕು. ದಾರಿಯಲ್ಲಿ ಏನಾದರೂ ಸೇರಿಕೊಂಡರೆ ಆ ಕ್ಲೋರಿನ್ ನೀರನ್ನು ಕಾಪಾಡುತ್ತದೆ. ಭಾರತೀಯ ಮಾನಕದ ಪ್ರಕಾರ ಕೊನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇದಕ್ಕೆ ಉಳಿಕೆ ಕ್ಲೋರಿನ್ ಅನ್ನುತ್ತಾರೆ. ನಳದ ನೀರಿಗೆ ಸ್ವಲ್ಪ ಔಷಧಿ ವಾಸನೆ ಬಂದರೆ ನಾವು ಮೂಗು ಮುರಿಯುತ್ತೇವೆ. ನಿಜ ಹೇಳಬೇಕೆಂದರೆ ಆ ವಾಸನೆ ಇಲ್ಲದಿದ್ದಾಗ ಚಿಂತೆ ಮಾಡಬೇಕು.

ಇಷ್ಟೆಲ್ಲ ಆದ ನೀರು ಪೈಪಿಗೆ ಇಳಿಯುತ್ತದೆ. ಅಸಲು ಕಥೆ ಶುರುವಾಗುವುದು ಇಲ್ಲಿಂದ.

ಪೈಪಿನಲ್ಲಿ ಯಾವಾಗಲೂ ನೀರು ತುಂಬಿದ್ದು, ಅದಕ್ಕೆ ಒತ್ತಡವೂ ಇದ್ದರೆ, ಸಣ್ಣ ಬಿರುಕಿನಿಂದ ನೀರು ಹೊರಗೆ ಸೋರುತ್ತದೆ. ನಷ್ಟವೇನೋ ಹೌದು, ಆದರೆ ಹೊರಗಿನ ಕೊಳೆ ಒಳಗೆ ಬರಲಾರದು. ವಾಲ್ವ್ ಮುಚ್ಚಿದ ಮೇಲೆ ಆಟ ತಿರುಗುತ್ತದೆ. ಪೈಪು ಖಾಲಿಯಾಗುತ್ತ ಹೋದಂತೆ ಒಳಗೆ ನಿರ್ವಾತ ಉಂಟಾಗಿ ಅದೇ ಬಿರುಕು ಹೊರಗಿನದನ್ನು ಹೀರಿಕೊಳ್ಳುತ್ತದೆ. ಹೊರಗೆ ಏನಿದೆ? ನಮ್ಮ ಓಣಿಗಳಲ್ಲಿ ನೀರಿನ ಪೈಪು ಗಟಾರದ ಪಕ್ಕದಲ್ಲೇ, ಎಷ್ಟೋ ಕಡೆ ಗಟಾರದೊಳಗೇ ಹಾದು ಹೋಗುತ್ತದೆ. ಇದರ ಜೊತೆಗೆ ಕೆಲವರು ನಳಕ್ಕೆ ನೇರವಾಗಿ ಮೋಟಾರು ಹಚ್ಚುತ್ತಾರೆ. ಮೋಟಾರು ಪಕ್ಕದ ಮನೆಯ ನೀರನ್ನು ಮಾತ್ರ ಎಳೆಯುವುದಿಲ್ಲ, ಬಿರುಕಿನ ಹೊರಗೆ ನಿಂತ ಕೊಳಕನ್ನೂ ಎಳೆಯುತ್ತದೆ. ಅವ್ವ ಚೆಲ್ಲುತ್ತಿದ್ದ ಆ ಮೊದಲ ಎರಡು ಬಕೆಟ್ ಇದೇ ನೀರು. ಯಾವ ಪುಸ್ತಕವನ್ನೂ ಓದದೆ ಅವಳಿಗೆ ಅದು ಗೊತ್ತಿತ್ತು.

ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ 2023ರ ಆಗಸ್ಟ್‌ನಲ್ಲಿ ಕಲುಷಿತ ನೀರು ಕುಡಿದು ಹಲವರು ಸತ್ತರು, ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಇಂಥ ಸುದ್ದಿ ಬಂದಾಗೆಲ್ಲ ಒಂದು ವಾರ ಗದ್ದಲ ಆಗುತ್ತದೆ, ಟ್ಯಾಂಕ್ ತೊಳೆಯುತ್ತಾರೆ, ಒಬ್ಬಿಬ್ಬರು ಅಮಾನತಾಗುತ್ತಾರೆ. ಪೈಪು ಖಾಲಿ ಬೀಳುವುದು ಮಾತ್ರ ನಿಲ್ಲುವುದಿಲ್ಲ.

ಇದು ಬರೀ ತರ್ಕವಲ್ಲ, ಅಳೆದು ನೋಡಿದ ಸಂಗತಿ. ಅದನ್ನು ಅಳೆದದ್ದೂ ಹುಬ್ಬಳ್ಳಿ–ಧಾರವಾಡದಲ್ಲೇ.

2004ರಲ್ಲಿ ವಿಶ್ವಬ್ಯಾಂಕ್ ಸಾಲದ ನೆರವಿನಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಭಾಗಗಳಲ್ಲಿ ದಿನದ 24 ತಾಸೂ ನೀರು ಕೊಡುವ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ಅವಳಿ ನಗರದಲ್ಲಿ ಆಗ 67 ವಾರ್ಡುಗಳಿದ್ದವು. ಅವುಗಳಲ್ಲಿ 8 ವಾರ್ಡುಗಳಿಗೆ, ಅಂದರೆ ಸುಮಾರು ನೂರಕ್ಕೆ ಹತ್ತು ಜನರಿಗೆ, 2008ರ ಹೊತ್ತಿಗೆ ನಿರಂತರ ನೀರು ಬಂತು. ಉಳಿದವರಿಗೆ ಹಳೆಯ ಪದ್ಧತಿಯೇ. ನಾಲ್ಕೈದು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ವಾರ ದಾಟಿ.

ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ ಸಿಗಬೇಕು? ಒಂದೇ ಊರು, ಒಂದೇ ನೀರು, ಒಂದೇ ಶುದ್ಧೀಕರಣ. ಬೇರೆ ಇದ್ದದ್ದು ಪೈಪಿನಲ್ಲಿ ನೀರು ಸದಾ ಇರುತ್ತದೋ ಇಲ್ಲವೋ ಅನ್ನುವುದು ಮಾತ್ರ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ 2010–11ರಲ್ಲಿ ಎರಡೂ ಕಡೆಯ ನಳಗಳಿಂದ ನೀರು ತೆಗೆದು ಪರೀಕ್ಷೆ ಮಾಡಿತು. ಮಲದ ಸೋಂಕನ್ನು ತೋರಿಸುವ ಇ. ಕೊಲಿ ಬ್ಯಾಕ್ಟೀರಿಯಾ ಬಿಟ್ಟು ಬಿಟ್ಟು ಬರುವ ನಳಗಳ ಮಾದರಿಗಳಲ್ಲಿ ಶೇ 31.7ರಷ್ಟರಲ್ಲಿ ಸಿಕ್ಕಿತು. ನಿರಂತರ ನೀರಿನ ನಳಗಳಲ್ಲಿ ಶೇ 0.7ರಷ್ಟರಲ್ಲಿ ಮಾತ್ರ. ಈ ಎರಡು ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಶಾಲೆಯ ದಿನಗಳಿಂದ ಇದ್ದ ಪ್ರಶ್ನೆಗೆ ಅಲ್ಲಿ ಉತ್ತರ ಇತ್ತು.

ಕಾಯಿಲೆಯ ಲೆಕ್ಕ ಇಷ್ಟು ಸರಳವಾಗಿ ಬರಲಿಲ್ಲ, ಅದನ್ನೂ ಹೇಳಬೇಕು. 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ನಿರಂತರ ನೀರಿನ ವಾರ್ಡುಗಳಲ್ಲಿ ಟೈಫಾಯ್ಡ್ ಬಂದ ಮನೆಗಳು ಸುಮಾರು ಶೇ 40ರಷ್ಟು ಕಡಿಮೆ ಇದ್ದವು. ಬಡವರ ಮನೆಗಳಲ್ಲಿ ಮಕ್ಕಳ ರಕ್ತಭೇದಿಯೂ ಕಡಿಮೆ ಇತ್ತು. ಆದರೆ ಐದು ವರ್ಷದೊಳಗಿನ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಭೇದಿ ಬರುವುದಕ್ಕೆ ನೀರೊಂದೇ ಕಾರಣವಲ್ಲವಲ್ಲ. ಕೈ, ಆಹಾರ, ಶೌಚ, ಬೀದಿಯ ಕೊಳಕು ಎಲ್ಲವೂ ಸೇರುತ್ತವೆ. ಇನ್ನೊಂದು ಕಾರಣವೂ ಇದೆ ಅಂತ ನನಗೆ ಅನ್ನಿಸುತ್ತದೆ. ನಿರಂತರ ನೀರು ಬಂದ ಮನೆಗಳಲ್ಲೂ ಜನ ನೀರು ತುಂಬಿಡುವುದನ್ನು ಬಿಡಲಿಲ್ಲ. ನಳದಲ್ಲಿ ಚೆನ್ನಾಗಿದ್ದ ನೀರು ಡ್ರಮ್ಮಿನಲ್ಲಿ, ತಂಬಿಗೆ ಅದ್ದುವ ಕೈಯಲ್ಲಿ ಮತ್ತೆ ಕೆಟ್ಟಿತು.

ಸಂಗ್ರಹ ಅನ್ನುವ ಮಾತಿಗೆ ಇಲ್ಲಿ ಬರೋಣ. ಊರಿಗೆ ನೀರಿನ ಸಂಗ್ರಹ ಬೇಕೇ ಬೇಕು. ಪಂಪು ದಿನವಿಡೀ ಒಂದೇ ಸಮನೆ ನೀರೆತ್ತುತ್ತದೆ. ಜನ ಮಾತ್ರ ಬೆಳಗ್ಗೆ ಆರರಿಂದ ಒಂಬತ್ತರ ತನಕ ಒಟ್ಟಿಗೆ ನಳ ತಿರುವುತ್ತಾರೆ. ಈ ಎರಡರ ನಡುವೆ ಹೊಂದಿಸಿಕೊಂಡು ಹೋಗುವುದಕ್ಕೇ ಎತ್ತರದ ಟಾಕಿ ಇರುವುದು. ಊರಿನ ಒಂದು ದಿನದ ಬೇಡಿಕೆಯ ಮೂರನೇ ಒಂದು ಪಾಲಿನಷ್ಟಾದರೂ ಟಾಕಿಗಳಲ್ಲಿ ಇರಬೇಕು ಅನ್ನುವುದು ಎಂಜಿನಿಯರುಗಳ ರೂಢಿಯ ಲೆಕ್ಕ. ಕರೆಂಟ್ ಹೋದರೂ ಕೆಲವು ತಾಸು ನಡೆಯುತ್ತದೆ. ಟಾಕಿಯ ಎತ್ತರವೂ ಸುಮ್ಮನೆ ಅಲ್ಲ. ಒಂದಂತಸ್ತಿನ ಮನೆಗೆ ಕನಿಷ್ಠ 7 ಮೀಟರ್, ಎರಡಂತಸ್ತಿಗೆ 12, ಮೂರಂತಸ್ತಿಗೆ 17 ಮೀಟರ್ ಎತ್ತರಕ್ಕೆ ನೀರು ತಾನಾಗಿ ಏರುವಷ್ಟು ಒತ್ತಡ ನಳದ ಹತ್ತಿರ ಉಳಿಯಬೇಕು ಅಂತ ಸರ್ಕಾರದ ಕೈಪಿಡಿಗಳು ಬಹಳ ಕಾಲದಿಂದ ಹೇಳಿಕೊಂಡು ಬಂದಿವೆ. ಅಷ್ಟು ಒತ್ತಡ ಇದ್ದರೆ ಯಾರ ಮನೆಗೂ ಮೋಟಾರು ಬೇಡ.

ನಮ್ಮಲ್ಲಿ ಆಗಿರುವುದು ಏನೆಂದರೆ, ಊರು ಮಾಡಬೇಕಾದ ಸಂಗ್ರಹವನ್ನು ಮನೆಗಳ ತಲೆಗೆ ಕಟ್ಟಿದ್ದೇವೆ. ಲೆಕ್ಕ ಹಾಕಿ ನೋಡಿ. ನಗರದವರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಅನ್ನುವುದು ಒಪ್ಪಿಕೊಂಡ ಅಳತೆ. ಐದು ಜನರ ಮನೆಗೆ ವಾರಕ್ಕೆ 4,725 ಲೀಟರ್ ಆಯಿತು. ವಾರಕ್ಕೊಮ್ಮೆ ನೀರು ಬಂದರೆ 200 ಲೀಟರಿನ 24 ಡ್ರಮ್ಮು ಬೇಕು. ದೊಡ್ಡ ಮನೆಯವರು ನೆಲದಡಿ ಟಾಕಿ ಕಟ್ಟಿಸುತ್ತಾರೆ, ಮೇಲೊಂದು ಸಿಂಟೆಕ್ಸ್, ನಡುವೆ ಮೋಟಾರು, ಅಡುಗೆಮನೆಯಲ್ಲಿ ಫಿಲ್ಟರ್. ಅವರಿಗೆ ವಾರಕ್ಕೊಮ್ಮೆ ಬಂದರೂ ನಡೆಯುತ್ತದೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ 24 ಡ್ರಮ್ಮು ಎಲ್ಲಿ ಇಡುತ್ತೀರಿ? ಅಲ್ಲಿ ಮೂರು ಇದ್ದರೆ ಹೆಚ್ಚು. ಪಾಲಿಕೆ ಇಬ್ಬರಿಗೂ ಒಂದೇ ಹೊತ್ತು ನೀರು ಬಿಟ್ಟಿರುತ್ತದೆ. ಆದರೂ ಇಬ್ಬರಿಗೂ ಸಿಕ್ಕಿದ್ದು ಒಂದೇ ಅಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ನೀರು ಹಿಡಿದು, ಬೆಳಗ್ಗೆ ಆರಕ್ಕೆ ಮನೆಗೆಲಸಕ್ಕೆ ಹೊರಡುವ ಹೆಂಗಸಿನ ನಿದ್ದೆಯನ್ನು ಯಾವ ಯೋಜನಾ ವರದಿಯೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಡೆಂಗಿಯ ವಿಷಯವನ್ನೂ ಇಲ್ಲಿ ಹೇಳಲೇಬೇಕು. ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಮನೆಯ ಒಳಗೆ, ಸುತ್ತಮುತ್ತ ನಿಂತ ತಿಳಿನೀರಿನಲ್ಲಿ. ಮೊಟ್ಟೆಯಿಂದ ಸೊಳ್ಳೆ ಹಾರುವವರೆಗೆ ಏಳರಿಂದ ಹತ್ತು ದಿನ. ನಮ್ಮ ನೀರಿನ ಸರದಿಯೂ ಹೆಚ್ಚುಕಡಿಮೆ ಅಷ್ಟೇ! ಕರ್ನಾಟಕ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಡುವವರಿಗೆ ದಂಡ ಅಂದಿತು. ವಾರಕ್ಕೊಮ್ಮೆ ನೀರು ಕೊಟ್ಟು, ಡ್ರಮ್ಮಿನಲ್ಲಿ ಹುಳು ಕಂಡರೆ ದಂಡ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಊರು ಬೆಳೆಯುವ ವಿಷಯ. 1962ರಲ್ಲಿ ಎರಡು ಊರುಗಳನ್ನು ಸೇರಿಸಿ ಒಂದು ಮಹಾನಗರ ಪಾಲಿಕೆ ಮಾಡಿದರು. 2011ರ ಜನಗಣತಿಯಲ್ಲಿ ಜನಸಂಖ್ಯೆ 9.43 ಲಕ್ಷ. ಆಮೇಲೆ ಐಐಟಿ ಬಂತು, ಐಐಐಟಿ ಬಂತು, ಎರಡು ಊರುಗಳ ನಡುವೆ ಚಿಗರಿ ಬಸ್ಸು ಓಡಿತು, ರಸ್ತೆಯ ಎರಡೂ ಬದಿ ಹೊಸ ಲೇಔಟುಗಳು ಎದ್ದವು. ಲೇಔಟ್ ಮಾಡುವವರು ಸೈಟು ಮಾರುವಾಗ ನೀರಿನ ಸೌಲಭ್ಯ ಇದೆ ಅನ್ನುತ್ತಾರೆ. ಆ ಸೌಲಭ್ಯ ಸಾಮಾನ್ಯವಾಗಿ ಒಂದು ಬೋರ್‌ವೆಲ್, ಒಂದು ಸಣ್ಣ ಟಾಕಿ. ಬೋರ್ ಬತ್ತಿದ ಮೇಲೆ ಪಾಲಿಕೆಗೆ ಬೇಡಿಕೆ ಹೋಗುತ್ತದೆ. ಪಾಲಿಕೆಯವರು ಹತ್ತಿರದ ಹಳೆಯ ಪೈಪಿಗೆ ಒಂದು ತುಂಡು ಜೋಡಿಸುತ್ತಾರೆ. ಸಾವಿರ ಮನೆಗೆ ಅಂತ ಹಾಕಿದ್ದ ಪೈಪು ಈಗ ಎರಡು ಸಾವಿರ ಮನೆಗೆ ನೀರು ಕೊಡಬೇಕು. ತುದಿಯ ಮನೆಗೆ ಒತ್ತಡವೇ ಇರುವುದಿಲ್ಲ, ಅವರು ಮೋಟಾರು ಹಚ್ಚುತ್ತಾರೆ, ನಡುವಿನವರಿಗೆ ಕಡಿಮೆಯಾಗಿ ಅವರೂ ಹಚ್ಚುತ್ತಾರೆ. ಹೀಗೆ ಒಂದು ಓಣಿ ಪೂರ್ತಿ ಹಾಳಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನೀರು ಸಾಲದು ಅಂದ ಕೂಡಲೇ ನಮಗೆ ನೆನಪಾಗುವುದು ಹೊಸ ನದಿ. ಇಲ್ಲಿ ಅದು ಮಹದಾಯಿ. ಅದನ್ನು ಸೇರುವ ಕಳಸಾ–ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಆಸೆಗೆ ದಶಕಗಳ ವಯಸ್ಸಾಗಿದೆ. 2015ರ ಜುಲೈನಲ್ಲಿ ನರಗುಂದದ ರೈತರು ಇದಕ್ಕಾಗಿಯೇ ಧರಣಿ ಕೂತರು. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟು, ಕಳಸಾಕ್ಕೆ 1.72 ಮತ್ತು ಬಂಡೂರಿಗೆ 2.18, ಒಟ್ಟು 3.9 ಟಿಎಂಸಿ ನೀರನ್ನು ಹಂಚಿತು. 2020ರ ಫೆಬ್ರುವರಿಯಲ್ಲಿ ಕೇಂದ್ರ ಅದನ್ನು ಅಧಿಸೂಚಿಸಿತು. 2022ರ ಕೊನೆಯಲ್ಲಿ ಯೋಜನಾ ವರದಿಗೆ ಕೇಂದ್ರ ಜಲ ಆಯೋಗದ ಒಪ್ಪಿಗೆಯೂ ಸಿಕ್ಕಿತು. ಅದಾದ ಮೇಲೂ ಅರಣ್ಯ ಮತ್ತು ವನ್ಯಜೀವಿ ಅನುಮತಿಯ ಕಗ್ಗಂಟು ಎದುರಾಯಿತು. ಈ ನೀರು ಬರಬೇಕು ಅನ್ನುವವರಲ್ಲಿ ನಾನೂ ಒಬ್ಬ. ಆದರೆ ಇನ್ನೊಂದು ಲೆಕ್ಕವನ್ನೂ ಪಕ್ಕದಲ್ಲಿ ಇಟ್ಟು ನೋಡಬೇಕು.

ಒಂದು ಟಿಎಂಸಿ ಅಂದರೆ ಸುಮಾರು 2,832 ಕೋಟಿ ಲೀಟರ್. ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 7.75 ಕೋಟಿ ಲೀಟರ್. ಹತ್ತು ಲಕ್ಷ ಜನರಿಗೆ ತಲೆಗೆ 135 ಲೀಟರಿನಂತೆ ದಿನಕ್ಕೆ ಬೇಕಾಗುವುದು 13.5 ಕೋಟಿ ಲೀಟರ್. ಅಂದರೆ ವರ್ಷಕ್ಕೆ ಒಂದೂ ಮುಕ್ಕಾಲು ಟಿಎಂಸಿ ಸಾಕು. ಈಗ, ಘಟಕದಿಂದ ಹೊರಟ ನೀರಿನಲ್ಲಿ ಮೂರರಲ್ಲಿ ಒಂದು ಪಾಲು ದಾರಿಯಲ್ಲಿ ಸೋರಿತು ಅಂತ ಇಟ್ಟುಕೊಳ್ಳೋಣ. ನಮ್ಮ ದೇಶದ ಹಳೆಯ ನಗರಗಳಿಗೆ ಇದು ಅತಿಶಯದ ಊಹೆ ಏನಲ್ಲ. ಆಗ ಅಷ್ಟೇ ಜನರಿಗೆ 2.6 ಟಿಎಂಸಿ ಎತ್ತಬೇಕು. ಸೋರಿಕೆಯೊಂದೇ 0.87 ಟಿಎಂಸಿ. ಇಡೀ ಕಳಸಾ–ಬಂಡೂರಿ ಪಾಲಿನ ಐದನೇ ಒಂದು ಭಾಗಕ್ಕಿಂತ ಜಾಸ್ತಿ! ಅದನ್ನು ನದಿಯಿಂದ ಎತ್ತಿ, ಪಟಿಕ ಹಾಕಿ, ಕ್ಲೋರಿನ್ ಬೆರೆಸಿ, ಕರೆಂಟ್ ಬಿಲ್ ಕಟ್ಟಿ, ನೆಲಕ್ಕೆ ಕುಡಿಸುತ್ತೇವೆ. ನದಿ ನೀರಿಗೆ ಹೋರಾಡಿದ ಜನರಿಗೆ ನಾವು ತೋರಿಸಬೇಕಾದ ಗೌರವ ಇದಲ್ಲ.

ಹಾಗಾದರೆ ಎಲ್ಲ ಕಡೆ 24 ತಾಸು ನೀರು ಬಿಟ್ಟರೆ ಮುಗಿಯಿತಲ್ಲ ಅನ್ನಬಹುದು. ಅಷ್ಟು ಸುಲಭ ಇಲ್ಲ.

ಹಳೆಯ ಪೈಪನ್ನು ಹಾಗೇ ಇಟ್ಟುಕೊಂಡು ದಿನವಿಡೀ ನೀರು ಬಿಟ್ಟರೆ ಸೋರಿಕೆ ಹಲವು ಪಟ್ಟು ಏರುತ್ತದೆ. ಇಂದು ವಾರಕ್ಕೆ ನಾಲ್ಕು ತಾಸು ಸೋರುವ ಬಿರುಕು, ಆಗ ವಾರದ 168 ತಾಸೂ ಸೋರುತ್ತದೆ. ಆದ್ದರಿಂದ ಪೈಪು, ಮನೆ ಸಂಪರ್ಕ, ವಾಲ್ವ್ ಎಲ್ಲ ಹೊಸದಾಗಿ ಹಾಕಬೇಕು. ಊರನ್ನು ಸಣ್ಣ ಸಣ್ಣ ವಲಯಗಳಾಗಿ ಒಡೆದು, ಪ್ರತಿ ವಲಯಕ್ಕೆ ಎಷ್ಟು ನೀರು ಹೋಯಿತು, ಮನೆಗಳ ಮೀಟರಿನಲ್ಲಿ ಎಷ್ಟು ಬಂತು ಅಂತ ತಾಳೆ ಹಾಕಬೇಕು. ರಾತ್ರಿ ಎಲ್ಲರೂ ಮಲಗಿದ ಮೇಲೂ ವಲಯದ ಮೀಟರು ಓಡುತ್ತಿದ್ದರೆ ಅದು ಸೋರಿಕೆ. ಹುಡುಕಿ ಮುಚ್ಚಬೇಕು. ಹೊಸ ಘಟಕ ಕಟ್ಟುವುದಕ್ಕಿಂತ ಇದು ಕಷ್ಟ, ಯಾಕಂದರೆ ಪ್ರತಿ ಓಣಿಯನ್ನೂ ಅಗೆಯಬೇಕು, ಪ್ರತಿ ಮನೆಯವರ ಜೊತೆಯೂ ಮಾತಾಡಬೇಕು.

ಮೀಟರಿನ ಜಗಳವೂ ಇದೆ. ಬಿಟ್ಟು ಬಿಟ್ಟು ಬರುವ ಪೈಪಿನಲ್ಲಿ ಮೊದಲು ನುಗ್ಗುವುದು ಗಾಳಿ. ಗಾಳಿಗೂ ಮೀಟರು ತಿರುಗುತ್ತದೆ. "ಗಾಳಿಗೂ ರೊಕ್ಕಾ ಕೊಡಬೇಕೇನು?" ಅಂತ ಜನ ಕೇಳುವುದರಲ್ಲಿ ನ್ಯಾಯವಿದೆ. ನೀರು ಸರಿಯಾಗಿ ಬರುವವರೆಗೆ ಮೀಟರಿನ ಬಿಲ್ ಕೇಳಬಾರದು. ಸರಿಯಾಗಿ ಬಂದ ಮೇಲೆ ಬಿಲ್ ಕಟ್ಟದೆ ಇರಬಾರದು. ಪ್ರಯೋಗದ ವಾರ್ಡುಗಳಲ್ಲಿ ನಿರಂತರ ನೀರು ಬಂದ ಮೇಲೂ ಎಷ್ಟೋ ಮನೆಗಳು ಬಿಲ್ ಕಟ್ಟಲಿಲ್ಲ. ನಿರ್ವಹಣೆಗೆ ಹಣ ಎಲ್ಲಿಂದ ಬರಬೇಕು? ಬಡವರಿಗೆ ಬೇಕಾಗುವ ಮೊದಲ ಕೆಲವು ಸಾವಿರ ಲೀಟರ್ ತೀರಾ ಅಗ್ಗವಾಗಿರಲಿ, ತೋಟಕ್ಕೂ ಕಾರಿಗೂ ಬಿಡುವವರಿಗೆ ದರ ಏರುತ್ತ ಹೋಗಲಿ. ಇದನ್ನು ಹೇಳಲು ರಾಜಕೀಯ ಧೈರ್ಯ ಬೇಕು.

ನನಗೆ ಹೆಚ್ಚು ಬೇಸರ ತರುವ ಸಂಗತಿ ಬೇರೆ. ಪ್ರಯೋಗ ಗೆದ್ದದ್ದು 2008ರಲ್ಲಿ. ಇಡೀ ನಗರಕ್ಕೆ ಅದನ್ನು ಒಯ್ಯುವ ಯೋಜನೆಗೆ ವಿಶ್ವಬ್ಯಾಂಕ್ 10 ಕೋಟಿ ಡಾಲರ್ ಸಾಲ ಒಪ್ಪಿದ್ದು 2016ರಲ್ಲಿ. ನಡುವೆ ಎಂಟು ವರ್ಷ. ಒಂದು ಓಣಿಯಲ್ಲಿ ದಿನವಿಡೀ ನೀರು, ರಸ್ತೆ ದಾಟಿದರೆ ವಾರಕ್ಕೊಮ್ಮೆ. ಆಗ ಹುಟ್ಟಿದ ಮಕ್ಕಳು ಈಗ ಕಾಲೇಜಿನ ಹೊಸ್ತಿಲಲ್ಲಿದ್ದಾರೆ. ಅವರಲ್ಲಿ ಎಷ್ಟೋ ಜನ ರಾತ್ರಿ ಎದ್ದು ನೀರು ಹಿಡಿದೇ ಬೆಳೆದರು.

ಬೇರೆ ಕಡೆ ಆಗಲಿಲ್ಲವೇ? ಒಡಿಶಾದ ಪುರಿಯಲ್ಲಿ 2021ರ ಜುಲೈನಿಂದ ಊರಿನ ನಳದ ನೀರನ್ನು ಹಾಗೇ ಕುಡಿಯಬಹುದು, ದಿನದ ಯಾವ ಹೊತ್ತಿನಲ್ಲಾದರೂ ಅಂತ ಅಲ್ಲಿನ ಸರ್ಕಾರ ಘೋಷಿಸಿತು. ಲಕ್ಷಾಂತರ ಯಾತ್ರಿಕರು ಬರುವ ಊರು ಅದು. ಅಲ್ಲಿ ನನಗೆ ಇಷ್ಟವಾದದ್ದು ಯಂತ್ರಗಳಿಗಿಂತ ಜಲಸಾಥಿಗಳು. ಸ್ವಸಹಾಯ ಗುಂಪುಗಳ ಹೆಣ್ಣುಮಕ್ಕಳು ಮನೆ ಮನೆಗೆ ಹೋಗಿ ನೀರಿನ ಗುಣಮಟ್ಟ ಪರೀಕ್ಷಿಸುತ್ತಾರೆ, ಮೀಟರ್ ಓದುತ್ತಾರೆ, ಬಿಲ್ ವಸೂಲಿ ಮಾಡುತ್ತಾರೆ. ನೀರು ಹಿಡಿಯುವ ಕಷ್ಟ ಯಾರಿಗೆ ಗೊತ್ತೋ ಅವರ ಕೈಗೇ ಕೆಲಸ ಕೊಟ್ಟಿದ್ದಾರೆ. ನಮ್ಮ ಸ್ತ್ರೀಶಕ್ತಿ ಗುಂಪುಗಳಿಗೆ ಇದು ಆಗದ ಕೆಲಸವೇ?

ಪರೀಕ್ಷೆ ಅಂದ ಕೂಡಲೇ ದೊಡ್ಡ ಲ್ಯಾಬ್ ಬೇಕು ಅಂದುಕೊಳ್ಳಬೇಡಿ. ಉಳಿಕೆ ಕ್ಲೋರಿನ್ ನೋಡುವ ಸಣ್ಣ ಕಿಟ್ ಬರುತ್ತದೆ. ಗಾಜಿನ ಕೊಳವೆಯಲ್ಲಿ ನಳದ ನೀರು ಹಿಡಿದು ಕೆಲವು ಹನಿ ದ್ರಾವಣ ಹಾಕಿದರೆ, ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಪಕ್ಕದ ಬಣ್ಣದ ಪಟ್ಟಿಗೆ ಹೋಲಿಸಿ ನೋಡಿದರಾಯಿತು. ಬ್ಯಾಕ್ಟೀರಿಯಾಕ್ಕೆ ಇನ್ನೊಂದು ಬಾಟಲಿ ಇದೆ. ನೀರು ತುಂಬಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಸೋಂಕು ಇರುವ ಸೂಚನೆ. ಹತ್ತನೇ ತರಗತಿಯ ಮಕ್ಕಳೂ ಮಾಡಬಹುದು. ನೆನಪಿಡಬೇಕಾದ್ದು ಒಂದೇ: ಟಾಕಿಯ ಬುಡದಲ್ಲಿ ಪರೀಕ್ಷಿಸಿ ಎಲ್ಲ ಸರಿ ಇದೆ ಅನ್ನುವುದರಲ್ಲಿ ಅರ್ಥವಿಲ್ಲ. ಓಣಿಯ ಕೊನೆಯ ಮನೆಯ ನಳದಲ್ಲಿ, ನೀರು ಬಂದ ಮೊದಲ ಹತ್ತು ನಿಮಿಷದಲ್ಲಿ ಪರೀಕ್ಷಿಸಬೇಕು.

ನಿಮ್ಮ ವಾರ್ಡಿನಲ್ಲಿ ಹೊಸ ಟಾಕಿಗೆ ಪೂಜೆ ಆಗುವಾಗ ಪಾಲಿಕೆ ಸದಸ್ಯರನ್ನು ಕೇಳಿ. ಇದಕ್ಕೆ ಸೇರುವ ಪೈಪು ಹೊಸದೋ ಹಳೆಯದೋ? ಗಟಾರದಿಂದ ಎಷ್ಟು ದೂರ? ಕೊನೆಯ ಮನೆಯಲ್ಲಿ ಒತ್ತಡ ಎಷ್ಟು ಬರುತ್ತದೆ? ಟಾಕಿ ತೊಳೆದ ದಿನಾಂಕವನ್ನು ಗೋಡೆಯ ಮೇಲೆ ಬರೆಯುತ್ತಾರಲ್ಲ, ಅದರ ಕೆಳಗೆ ಕೊನೆಯ ನಳದ ಕ್ಲೋರಿನ್ ಎಷ್ಟು ಅಂತಲೂ ಬರೆಯಲಿ. ಬಣ್ಣದ ಖರ್ಚು ಅಷ್ಟೇ.

ನಿರಂತರ ನೀರಿರುವ ಒಂದು ವಾರ್ಡಿನಲ್ಲಿ ನನ್ನ ಅತ್ತಿಗೆಯ ಮನೆ ಇದೆ. ಹಿತ್ತಲಲ್ಲಿ ಇನ್ನೂ ಎರಡು ನೀಲಿ ಡ್ರಮ್ಮುಗಳಿವೆ, ತುಂಬಿವೆ. "ದಿನಾ ನೀರ ಬರ್ತಾವಲ್ಲ ವೈನಿ, ಇವ್ಯಾಕ?" ಅಂದೆ. "ಬರ್ತಾವಪ್ಪಾ. ಆದ್ರ ಏನ ಹೇಳಾಕ ಬರತೈತಿ?" ಅಂದರು. ಅದರಲ್ಲಿ ಒಂದಕ್ಕೆ ಮುಚ್ಚಳ ಇರಲಿಲ್ಲ. ಹೊರಡುವ ಮುಂಚೆ ಇಬ್ಬರೂ ಸೇರಿ ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ, ಡ್ರಮ್ಮನ್ನು ಬೋರಲು ಹಾಕಿದೆವು.